ಎರಡು ಸಲ ಹೇಳಿದ ಜೀವನಚರಿತ್ರೆ: ವಿಲಿಯಂ ಕೋಲಿ

ವಿಲಿಯಂ ಬ್ರಾಡ್ಲಿ ಕೋಲಿ ಎಂಬ ಶಸ್ತ್ರವೈದ್ಯರ ಜೀವನಚರಿತ್ರೆಯನ್ನು ನನ್ನ ಬೋಧನಾಭ್ಯಾಸದ ಅವಧಿಯಲ್ಲಿ ಒಂದೇ ತರಗತಿಗೆ ಎರಡು ಸಲ ಹೇಳಿದ್ದೇನೆ. ಮೊದಲ ಸಲ ಅರ್ಧ ಹೇಳಿದೆ. ಆ ಅರ್ಧದಿಂದ ಆದ ತೊಂದರೆಯನ್ನು ಸರಿಪಡಿಸಲು ಎರಡನೆಯ ಸಲ ಪೂರ್ತಿ ಹೇಳಬೇಕಾಯಿತು. ವಿಜ್ಞಾನ ಪಾಠದಲ್ಲಿ ವಿಜ್ಞಾನಿಗಳ ಜೀವನವನ್ನು ಬಳಸಿಕೊಂಡ ಅನುಭವ ಬರೆದುಕೊಡಿ ಎಂದು ಉಪನ್ಯಾಸಕರು ಕೇಳಿದಾಗ ಚೆನ್ನಾಗಿ ನಡೆದ ಬೇರೆ ಪಾಠಗಳು ಇದ್ದವು. ಆದರೂ ಇದನ್ನೇ ಬರೆಯುತ್ತಿದ್ದೇನೆ.

ನನಗೆ ಇಂಟರ್ನ್‌ಶಿಪ್‌ಗೆ ಸಿಕ್ಕಿದ್ದು ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. 10ನೇ ತರಗತಿಗೆ ಜೀವಕ್ರಿಯೆಗಳು ಘಟಕದಲ್ಲಿ ವಿಸರ್ಜನೆಯ ಪಾಠ ನಡೆದಿತ್ತು. ನೆಫ್ರಾನಿನ ಚಾರ್ಟು ತೂಗುಹಾಕಿ, ಮೂತ್ರಪಿಂಡ ರಕ್ತವನ್ನು ಸೋಸುವ ಬಗೆಯನ್ನು ಹೇಳಿ ಮುಗಿಸಿ, ಸಂದೇಹಗಳಿದ್ದರೆ ಕೇಳಿ ಎಂದೆ. ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ತಾತನಿಗೆ ಮೂತ್ರಪಿಂಡದ ಕ್ಯಾನ್ಸರ್. ಒಂದು ಮೂತ್ರಪಿಂಡ ತೆಗೆದಿದ್ದರು, ಅಷ್ಟರಲ್ಲಿ ರೋಗ ಶ್ವಾಸಕೋಶಕ್ಕೂ ಹೋಗಿತ್ತು. ಮೂರು ವಾರಕ್ಕೊಮ್ಮೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ಒಂದು ಇಂಜೆಕ್ಷನ್ ಹಾಕಿಸುತ್ತಾರೆ, ಮನೆಯಲ್ಲಿ ದಿನಕ್ಕೆರಡು ಮಾತ್ರೆ. ಇಂಜೆಕ್ಷನ್ನು ತಾನಾಗಿ ಕ್ಯಾನ್ಸರನ್ನು ಕೊಲ್ಲುವುದಿಲ್ಲ, ದೇಹದ ಸ್ವಂತ ಸೈನಿಕರನ್ನು ಎಬ್ಬಿಸುತ್ತದೆ ಎಂದು ಅಲ್ಲಿ ಹೇಳಿದ್ದರಂತೆ. ಹಾಗಾದರೆ ಆ ಸೈನಿಕರು ಇಷ್ಟು ದಿನ ಏಕೆ ಮಲಗಿದ್ದರು, ಎಬ್ಬಿಸಿದ ಮೇಲೂ ಮಾತ್ರೆ ಏಕೆ ಬೇಕು ಎಂಬುದು ಅವಳ ಪ್ರಶ್ನೆ.

ಬಿಎಸ್ಸಿಯಲ್ಲಿ ರೋಗನಿರೋಧಕ ವ್ಯವಸ್ಥೆಯನ್ನು ಪರೀಕ್ಷೆಗೆ ಓದಿದ್ದೆ. ಪ್ರತಿಕಾಯದ ಚಿತ್ರ ಬರೆಯಲು ಬರುತ್ತಿತ್ತು. ಈ ಪ್ರಶ್ನೆಗೆ ಉತ್ತರ ಬರಲಿಲ್ಲ. ನಾಳೆ ಹೇಳುತ್ತೇನೆ ಎಂದು ಕೂರಿಸಿದೆ. ಆ ರಾತ್ರಿ ಹುಡುಕುತ್ತಾ ಹೋದಾಗ ಸಿಕ್ಕ ಹೆಸರು ಕೋಲಿ. ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರಿನ ಮೇಲೆ ಎತ್ತಿಕಟ್ಟುವ ಚಿಕಿತ್ಸೆಯ ಪಿತಾಮಹ ಎಂದು ಅವರನ್ನು ಕರೆಯುತ್ತಾರೆ. ಕಥೆಯೂ ಮಕ್ಕಳಿಗೆ ಹೇಳುವಂತಿತ್ತು. ಮರುದಿನದ ಪಾಠಯೋಜನೆಯಲ್ಲಿ ಜೀವನಚರಿತ್ರೆ ವಿಧಾನ ಎಂದು ಬರೆದುಕೊಂಡು ಹೋದೆ.

ಕೋಲಿ ಹುಟ್ಟಿದ್ದು 1862ರ ಜನವರಿ 12ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ. ಯೇಲ್ ವಿಶ್ವವಿದ್ಯಾಲಯದಲ್ಲಿ 1884ರಲ್ಲಿ ಪದವಿ ಮುಗಿಸಿ, ದೇಶದ ಇನ್ನೊಂದು ತುದಿಯಾದ ಆರೆಗಾನ್ ರಾಜ್ಯದ ಪೋರ್ಟ್‌ಲೆಂಡಿಗೆ ಹೋಗಿ ಎರಡು ವರ್ಷ ಶಾಲೆಯೊಂದರಲ್ಲಿ ಲ್ಯಾಟಿನ್ ಮತ್ತು ಗ್ರೀಕ್ ಕಲಿಸಿದರು. ಅಂದರೆ ವೈದ್ಯರಾಗುವ ಮೊದಲು ಅವರು ನಮ್ಮ ಕಸುಬಿನವರು. ಆಮೇಲೆ ಹಾರ್ವರ್ಡ್ ವೈದ್ಯಕೀಯ ಶಾಲೆ ಸೇರಿ 1888ರಲ್ಲಿ ತೇರ್ಗಡೆಯಾಗಿ, ನ್ಯೂಯಾರ್ಕ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ತರಬೇತಿ ಪಡೆದರು. ಅರಿವಳಿಕೆ ಬಂದಿತ್ತು, ಉಪಕರಣಗಳನ್ನು ರೋಗಾಣುಮುಕ್ತ ಮಾಡುವ ಪದ್ಧತಿ ಬಂದಿತ್ತು. ಎಕ್ಸ್‌ರೇ ಇನ್ನೂ ಬಂದಿರಲಿಲ್ಲ. ಕ್ಯಾನ್ಸರಿಗೆ ಇದ್ದ ಮದ್ದು ಒಂದೇ, ಚಾಕು.

1890ರ ಅಕ್ಟೋಬರಿನಲ್ಲಿ ಎಲಿಜಬೆತ್ ಡಾಶೀಲ್ ಎಂಬ 17 ವರ್ಷದ ಹುಡುಗಿ ಅವರ ಬಳಿಗೆ ಬಂದಳು. ಮನೆಯವರು ಕರೆಯುತ್ತಿದ್ದುದು ಬೆಸ್ಸಿ ಎಂದು. ಬೇಸಿಗೆಯಲ್ಲಿ ರೈಲು ಪ್ರಯಾಣ ಮಾಡುವಾಗ ಕೈ ಎರಡು ಸೀಟುಗಳ ನಡುವೆ ಸಿಕ್ಕಿ ನಜ್ಜಾಗಿತ್ತು. ಊತ ಇಳಿಯಲಿಲ್ಲ, ನೋವು ಹೆಚ್ಚುತ್ತಲೇ ಹೋಯಿತು. ಕೋಲಿ ಮೊದಲು ಅದನ್ನು ಸೋಂಕು ಎಂದುಕೊಂಡರು. ಮಾದರಿ ತೆಗೆದು ನೋಡಿದಾಗ ಸಾರ್ಕೋಮಾ ಎಂಬ ಕ್ಯಾನ್ಸರ್ ಎಂದು ತಿಳಿಯಿತು. ನವೆಂಬರಿನಲ್ಲಿ ಮೊಣಕೈ ಕೆಳಗಿನ ಭಾಗವನ್ನು ಕತ್ತರಿಸಿ ತೆಗೆದರು. ಅಷ್ಟರಲ್ಲಿ ಗಡ್ಡೆಗಳು ಮೈಯೆಲ್ಲ ಹರಡಿದ್ದವು. 1891ರ ಜನವರಿ 23ರಂದು ಬೆಸ್ಸಿ ತೀರಿಕೊಂಡಳು. ಕೋಲಿಗೆ ಆಗ ಇಪ್ಪತ್ತೊಂಬತ್ತು ವರ್ಷ. ನಾನು ಈ ಭಾಗವನ್ನು ತರಗತಿಯಲ್ಲಿ ಹೇಳುವಾಗ ಹಿಂದಿನ ಬೆಂಚಿನ ಗದ್ದಲವೂ ನಿಂತಿತ್ತು.

ಇಂಥ ಸಾವುಗಳು ಆಗ ಆಸ್ಪತ್ರೆಯಲ್ಲಿ ದಿನನಿತ್ಯದ ಮಾತು. ಕೋಲಿ ಮಾತ್ರ ಸುಮ್ಮನಾಗಲಿಲ್ಲ. ನ್ಯೂಯಾರ್ಕ್ ಆಸ್ಪತ್ರೆಯ ಹಳೆಯ ದಾಖಲೆಗಳನ್ನು ತೆಗೆಸಿ, ಸಾರ್ಕೋಮಾ ಎಂದು ಬರೆದಿದ್ದ ಒಬ್ಬೊಬ್ಬ ರೋಗಿಯ ವಿವರವನ್ನೂ ಓದುತ್ತಾ ಕುಳಿತರು. ಅಲ್ಲಿ ಫ್ರೆಡ್ ಸ್ಟೈನ್ ಎಂಬ ಜರ್ಮನ್ ವಲಸಿಗನ ಪ್ರಕರಣ ಸಿಕ್ಕಿತು. ಕುತ್ತಿಗೆಯ ಗಡ್ಡೆಯನ್ನು ಮತ್ತೆ ಮತ್ತೆ ಕತ್ತರಿಸಿದರೂ ಮತ್ತೆ ಮತ್ತೆ ಬೆಳೆದು, ಇನ್ನು ಆಗುವುದಿಲ್ಲ ಎಂದು ಬಿಟ್ಟಿದ್ದರು. ಅಷ್ಟರಲ್ಲಿ ಗಾಯಕ್ಕೆ ಎರಿಸಿಪೆಲಾಸ್ ಎಂಬ ಸೋಂಕು ತಗಲಿತು. ಚರ್ಮ ಕೆಂಪಾಗಿ ಊದಿಕೊಂಡು ತೀವ್ರ ಜ್ವರ ಬರುವ ರೋಗ ಅದು. ಜ್ವರ ಬಂದು ಬಿಡುವಷ್ಟರಲ್ಲಿ ಗಡ್ಡೆ ಕರಗತೊಡಗಿತ್ತು. ಸ್ಟೈನ್ ಮನೆಗೆ ಹೋದ ಎಂಬಲ್ಲಿಗೆ ದಾಖಲೆ ಮುಗಿಯುತ್ತದೆ. (ತರಗತಿಯಲ್ಲಿ ಕೆಲವು ಮಕ್ಕಳು ಇದನ್ನು ಸರ್ಪಸುತ್ತು ಎಂದುಕೊಂಡರು. ಸರ್ಪಸುತ್ತು ವೈರಸ್ಸಿನಿಂದ, ಇದು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಎಂದು ತಿದ್ದಬೇಕಾಯಿತು. ಪಾಠ ಮಾಡುವವರು ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.)

ಕೋಲಿ ಆ ಮನುಷ್ಯನನ್ನು ಹುಡುಕಿಕೊಂಡು ಹೊರಟರು. ಮ್ಯಾನ್‌ಹಟನ್ನಿನ ಪೂರ್ವ ಭಾಗದಲ್ಲಿ ಬಡ ವಲಸಿಗರು ಕಿಕ್ಕಿರಿದು ವಾಸಿಸುತ್ತಿದ್ದ ವಠಾರಗಳಲ್ಲಿ ಮನೆಯಿಂದ ಮನೆಗೆ ಅಲೆದು ವಿಚಾರಿಸಿದರು. ಸ್ಟೈನ್ ಸಿಕ್ಕಿದ. ಏಳು ವರ್ಷ ಕಳೆದಿದ್ದರೂ ಕುತ್ತಿಗೆಯಲ್ಲಿ ದೊಡ್ಡ ಕಲೆಯ ಹೊರತು ಕ್ಯಾನ್ಸರಿನ ಗುರುತಿರಲಿಲ್ಲ.

ಸೋಂಕಿನಿಂದ ಗಡ್ಡೆ ಕರಗುವುದನ್ನು ಕಂಡವರಲ್ಲಿ ಕೋಲಿ ಮೊದಲಿಗರಲ್ಲ. ಜರ್ಮನಿಯಲ್ಲಿ ಬುಶ್ ಎಂಬ ಶಸ್ತ್ರವೈದ್ಯರು 1868ರಲ್ಲೇ ಬರೆದಿದ್ದರು, ಫೆಹ್ಲೈಸನ್ ಎಂಬವರು ಎರಿಸಿಪೆಲಾಸಿನ ಬ್ಯಾಕ್ಟೀರಿಯಾವನ್ನು ಗುರುತಿಸಿ ರೋಗಿಗಳ ಮೇಲೆ ಪ್ರಯೋಗವನ್ನೂ ಮಾಡಿದ್ದರು. ಪ್ರಯೋಗವನ್ನು ಬಿಡದೆ ಹಿಡಿದು ಜೀವಮಾನವಿಡೀ ಮುಂದುವರಿಸಿದವರು ಮಾತ್ರ ಕೋಲಿ.

1891ರ ಮೇ ತಿಂಗಳಲ್ಲಿ ಜೋಲಾ ಎಂಬ ಇಟಲಿಯ ವಲಸಿಗನಿಗೆ ಜೀವಂತ ಸ್ಟ್ರೆಪ್ಟೊಕಾಕಸ್ ಚುಚ್ಚಿದರು. ಕುತ್ತಿಗೆ ಮತ್ತು ಗಂಟಲಿನ ಗಡ್ಡೆಗಳಿಂದ ಅವನಿಗೆ ನುಂಗಲೂ ಆಗುತ್ತಿರಲಿಲ್ಲ, ಬದುಕುವುದು ಕೆಲವೇ ವಾರ ಎಂಬ ಸ್ಥಿತಿ. ತಿಂಗಳುಗಟ್ಟಲೆ ಚುಚ್ಚಿದರೂ ನಿಜವಾದ ಎರಿಸಿಪೆಲಾಸ್ ಬರಲಿಲ್ಲ, ಗಡ್ಡೆ ಸ್ವಲ್ಪ ಕುಗ್ಗಿ ಮತ್ತೆ ಬೆಳೆಯಿತು. ಕೊನೆಗೆ ಜರ್ಮನಿಯ ರಾಬರ್ಟ್ ಕಾಖ್ ಅವರ ಪ್ರಯೋಗಾಲಯದಿಂದ ಹೆಚ್ಚು ಪ್ರಬಲವಾದ ಬ್ಯಾಕ್ಟೀರಿಯಾ ತರಿಸಿ ಅಕ್ಟೋಬರಿನಲ್ಲಿ ಚುಚ್ಚಿದರು. ಒಂದು ಗಂಟೆಯೊಳಗೆ ನಡುಕ, ಆಮೇಲೆ 105 ಡಿಗ್ರಿ ಜ್ವರ. ರೋಗಿ ಸಾಯುತ್ತಾನೆ ಎಂಬಂತಾಯಿತು. ಗಡ್ಡೆ ಮೆತ್ತಗಾಗಿ ಒಡೆಯಿತು. ಎರಡು ವಾರದಲ್ಲಿ ಕುತ್ತಿಗೆಯ ಗಡ್ಡೆ ಹೋಗಿತ್ತು.

ಜೀವಂತ ಬ್ಯಾಕ್ಟೀರಿಯಾ ಚುಚ್ಚುವುದು ಅಪಾಯದ ಕೆಲಸ. ಆದ್ದರಿಂದ ಕೋಲಿ ಸ್ಟ್ರೆಪ್ಟೊಕಾಕಸ್ಸನ್ನು ಶಾಖದಿಂದ ಕೊಂದು, ಅದರ ಜೊತೆಗೆ ಇಂದು ಸೆರಾಶಿಯಾ ಎಂದು ಕರೆಯುವ ಇನ್ನೊಂದು ಬ್ಯಾಕ್ಟೀರಿಯಾವನ್ನು ಸೇರಿಸಿದರು. ಈ ಮಿಶ್ರಣಕ್ಕೆ ಕೋಲಿ ವಿಷ ಎಂದೇ ಹೆಸರು ಬಿತ್ತು. 1893ರ ಜನವರಿಯಲ್ಲಿ ಜಾನ್ ಫಿಕೆನ್ ಎಂಬ 16 ವರ್ಷದ ಹುಡುಗನಿಗೆ ಅದನ್ನು ಕೊಟ್ಟರು. ಹೊಟ್ಟೆಯ ದೊಡ್ಡ ಗಡ್ಡೆ ಮೂತ್ರಕೋಶದವರೆಗೆ ಹಬ್ಬಿತ್ತು. ಪ್ರತಿ ಇಂಜೆಕ್ಷನ್ನಿಗೂ ಜ್ವರ, ಚಳಿ. ಕೆಲವು ತಿಂಗಳಲ್ಲಿ ಗಡ್ಡೆ ಕರಗಿತು. ಫಿಕೆನ್ ಆಮೇಲೆ 26 ವರ್ಷ ಬದುಕಿ, ಹೃದಯಾಘಾತದಿಂದ ತೀರಿಕೊಂಡ.

ಇಲ್ಲಿಗೆ ಬೆಲ್ಲು ಹೊಡೆಯಿತು. ಜ್ವರ ಎಂದರೆ ದೇಹದ ಸೈನಿಕರು ಎದ್ದ ಸೂಚನೆ, ಕೋಲಿ ಸೈನಿಕರನ್ನು ಎಬ್ಬಿಸಿದರು, ತಾತನ ಇಂಜೆಕ್ಷನ್ನೂ ಅದನ್ನೇ ಮಾಡುತ್ತದೆ ಎಂದು ಒಂದು ವಾಕ್ಯದಲ್ಲಿ ಮುಗಿಸಿ ಹೊರಬಂದೆ. ವೀಕ್ಷಣೆಗೆ ಬಂದಿದ್ದ ನನ್ನ ಸಹ ಪ್ರಶಿಕ್ಷಣಾರ್ಥಿ ತನ್ನ ಪುಸ್ತಕದಲ್ಲಿ ಆಸಕ್ತಿದಾಯಕ ಎಂದು ಬರೆದಿದ್ದಳು. ನನಗೂ ಹಾಗೇ ಅನ್ನಿಸಿತ್ತು.

ಮೂರು ದಿನ ಕಳೆದು ಬೆಳಗಿನ ಪ್ರಾರ್ಥನೆಗೆ ಮುಂಚೆ ಆ ಹುಡುಗಿ ನಗುನಗುತ್ತಾ ನನ್ನ ಬಳಿಗೆ ಬಂದಳು. ತಾತನಿಗೆ ಹಿಂದಿನ ರಾತ್ರಿಯಿಂದ ಜ್ವರ. ಮನೆಯವರು ಆಸ್ಪತ್ರೆಗೆ ಹೊರಟಾಗ ಇವಳೇ ತಡೆದಿದ್ದಳು. ಜ್ವರ ಬಂದರೆ ಕ್ಯಾನ್ಸರ್ ಕರಗುತ್ತದೆ ಎಂದು ವಿಜ್ಞಾನದ ಮಿಸ್ ಹೇಳಿದ್ದಾರೆ ಎಂದಿದ್ದಳು. ಮಿಸ್ ಹೇಳಿದ್ದಾರೆ ಎಂದರೆ ಆ ಮನೆಯಲ್ಲಿ ಅದಕ್ಕೆ ಬೆಲೆ ಇತ್ತು. ಜ್ವರದ ಮಾತ್ರೆಯನ್ನೂ ಕೊಟ್ಟಿರಲಿಲ್ಲ.

ನನ್ನ ಕೈಕಾಲು ತಣ್ಣಗಾದವು. ಹೋಗಿ ಮಾರ್ಗದರ್ಶಕ ಶಿಕ್ಷಕಿಗೆ ಹೇಳಿದೆ. ಅವರು ಒಂದು ಮಾತೂ ಬೇರೆ ಆಡದೆ ಹಾಜರಿ ಪುಸ್ತಕದಿಂದ ಮನೆಯ ನಂಬರು ತೆಗೆದು ಫೋನ್ ಮಾಡಿ, ಆಸ್ಪತ್ರೆಯ ಫೈಲಿನಲ್ಲಿ ತುರ್ತಿಗೆಂದು ಬರೆದ ನಂಬರಿಗೆ ಈಗಲೇ ಮಾತಾಡಿ ಎಂದರು. ತಡಮಾಡದೆ ಕರೆತನ್ನಿ ಎಂದು ಅಲ್ಲಿಂದ ಉತ್ತರ ಬಂತು. ಪಕ್ಕದ ಮನೆಯವರ ಕಾರಿನಲ್ಲಿ ಕರೆದುಕೊಂಡು ಹೋದರು. ಸೋಂಕಾಗಿತ್ತು. ನಾಲ್ಕು ದಿನ ಇಟ್ಟುಕೊಂಡು ಚಿಕಿತ್ಸೆ ಕೊಟ್ಟು ಕಳಿಸಿದರು. ಇಂಥ ಚಿಕಿತ್ಸೆಯಲ್ಲಿರುವವರಿಗೆ ಜ್ವರ ಬಂದರೆ ಕಾಯುತ್ತಾ ಕೂರದೆ ಆಸ್ಪತ್ರೆಗೆ ತಿಳಿಸಬೇಕು ಎಂಬುದು ಅವರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದದ್ದನ್ನು ಮರೆಸಿದ್ದು ನನ್ನ ಪಾಠ.

ಮಾರ್ಗದರ್ಶಕ ಶಿಕ್ಷಕಿ ಬೈಯಲಿಲ್ಲ. ಪಾಠಯೋಜನೆ ತರಲು ಹೇಳಿದರು. ಮೌಲ್ಯಮಾಪನದ ಕಾಲಂನಲ್ಲಿ ಕೋಲಿಯ ಚಿಕಿತ್ಸೆಯಿಂದ ಗುಣವಾದವರನ್ನು ಹೆಸರಿಸಿ ಎಂಬ ಪ್ರಶ್ನೆ ಇತ್ತು. ಗುಣವಾಗದವರ ಬಗ್ಗೆ ಪ್ರಶ್ನೆ ಇರಲಿಲ್ಲ. ಅಲ್ಲಿ ಕೆಂಪು ಶಾಯಿಯಲ್ಲಿ ಒಂದು ಸುತ್ತು ಹಾಕಿ, ಶನಿವಾರದ ಒಂದು ಅವಧಿಯನ್ನು ನನಗೆ ಬಿಟ್ಟುಕೊಟ್ಟರು.

ಎರಡನೆಯ ಸಲ ನಾನು ಶುರುಮಾಡಿದ್ದು ಜೋಲಾನ ಸಾವಿನಿಂದ. ಅವನು ಎಂಟು ವರ್ಷ ಬದುಕಿದ್ದು ನಿಜ, ಅದೇ ರೋಗ ಮರುಕಳಿಸಿ ಇಟಲಿಯಲ್ಲಿ ಸತ್ತದ್ದೂ ನಿಜ. ಜೀವಂತ ಬ್ಯಾಕ್ಟೀರಿಯಾ ಚುಚ್ಚಿಸಿಕೊಂಡವರಲ್ಲಿ ಇಬ್ಬರು ಆ ಸೋಂಕಿನಿಂದಲೇ ಸತ್ತರು. ಕೊಂದ ಬ್ಯಾಕ್ಟೀರಿಯಾಕ್ಕೆ ಕೋಲಿ ಬದಲಾಯಿಸಿದ್ದು ಆ ಸಾವುಗಳಿಂದಾಗಿಯೇ. ಮೊದಲ ಸಲ ಇದನ್ನು ಅಪಾಯದ ಕೆಲಸ ಎಂಬ ಎರಡೇ ಪದಗಳಲ್ಲಿ ದಾಟಿಸಿಬಿಟ್ಟಿದ್ದೆ.

ಮುಂದಿನ ನಲವತ್ತು ವರ್ಷ ಕೋಲಿ ಸುಮಾರು ಸಾವಿರ ರೋಗಿಗಳಿಗೆ ಈ ಮಿಶ್ರಣ ಕೊಟ್ಟರು. ಕೆಲವರ ಗಡ್ಡೆ ಪೂರ್ತಿ ಕರಗಿತು, ಕೆಲವರದು ಕರಗಿ ಮತ್ತೆ ಬಂತು, ಹಲವರಿಗೆ ಏನೂ ಆಗಲಿಲ್ಲ. ಯಾರಿಗೆ ಏಕೆ ಹಾಗಾಯಿತು ಎಂದು ಹೇಳಲು ಅವರಲ್ಲಿ ದಾರಿಯಿರಲಿಲ್ಲ. 1899ರಿಂದ ಪಾರ್ಕ್ ಡೇವಿಸ್ ಕಂಪನಿ ಮಿಶ್ರಣವನ್ನು ತಯಾರಿಸಿ ಮಾರತೊಡಗಿತು, ಬೇರೆ ವೈದ್ಯರೂ ಬಳಸಿದರು. ಆದರೆ ಎಲ್ಲರ ಮಿಶ್ರಣವೂ ಒಂದೇ ಅಲ್ಲ. ವರ್ಷಗಳು ಕಳೆದಂತೆ ಹತ್ತಕ್ಕೂ ಹೆಚ್ಚು ಬಗೆಯ ತಯಾರಿಕೆಗಳು ಬಳಕೆಯಲ್ಲಿದ್ದವು, ಒಂದು ಬಲವಾದದ್ದು, ಇನ್ನೊಂದು ಸಪ್ಪೆ. ಕೆಲವರಿಗೆ ಗಡ್ಡೆಗೇ ಚುಚ್ಚುವುದು, ಕೆಲವರಿಗೆ ಸ್ನಾಯುವಿಗೆ. ಕೆಲವರಿಗೆ ವಾರಗಳು, ಕೆಲವರಿಗೆ ತಿಂಗಳುಗಳು. ನಮ್ಮ ಪ್ರಯೋಗಾಲಯದ ಭಾಷೆಯಲ್ಲಿ ಹೇಳುವುದಾದರೆ ಒಂದೇ ಪ್ರಯೋಗದಲ್ಲಿ ನಾಲ್ಕು ಚರಗಳನ್ನು ಒಟ್ಟಿಗೆ ಬದಲಾಯಿಸಿದಂತೆ. ಹೋಲಿಸಲು ನಿಯಂತ್ರಿತ ಗುಂಪು ಇರಲಿಲ್ಲ. ಅದಕ್ಕೆ ಕೋಲಿಯೊಬ್ಬರನ್ನೇ ದೂರಲಾಗದು. ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಹೋಲಿಸುವ ಪದ್ಧತಿಗೆ ಮಾದರಿಯಾದ ಸ್ಟ್ರೆಪ್ಟೊಮೈಸಿನ್ ಪ್ರಯೋಗ ಬ್ರಿಟನ್ನಿನಲ್ಲಿ ಪ್ರಕಟವಾದದ್ದು 1948ರಲ್ಲಿ. ಆದರೂ ರೋಗಿಗಳ ಜಾಡನ್ನು ಕೊನೆಯವರೆಗೆ ಹಿಡಿದು ಒಂದೇ ರೀತಿಯಲ್ಲಿ ಬರೆದಿಡುವುದು ಆಗಲೂ ಸಾಧ್ಯವಿತ್ತು. ಫ್ರೆಡ್ ಸ್ಟೈನ್‌ನನ್ನು ಹುಡುಕಲು ವಠಾರಗಳನ್ನು ಅಲೆದ ಮನುಷ್ಯ ತನ್ನ ಸ್ವಂತ ಸಾವಿರ ರೋಗಿಗಳ ವಿಷಯದಲ್ಲಿ ಅಷ್ಟು ಅಲೆಯಲಿಲ್ಲ ಎಂಬುದು ನನಗೆ ಅವರ ಬದುಕಿನ ದೊಡ್ಡ ಬೇಸರ.

ಅವರಿಗೆ ಸಮಯವೂ ಇರಲಿಲ್ಲವೇನೋ. ಹರ್ನಿಯಾ ಶಸ್ತ್ರಚಿಕಿತ್ಸೆಯಲ್ಲಿ ಅವರು ದೇಶಕ್ಕೇ ಹೆಸರಾದವರು. ಅನ್ನ ಕೊಟ್ಟಿದ್ದು ಅದು. ಕ್ಯಾನ್ಸರ್ ಕೆಲಸ ನಡೆದದ್ದು ಮೆಮೋರಿಯಲ್ ಆಸ್ಪತ್ರೆಯಲ್ಲಿ. ಅಲ್ಲಿ ಮೂಳೆಯ ಗಡ್ಡೆಗಳ ವಿಭಾಗ ಅವರ ಕೈಯಲ್ಲಿತ್ತು.

ಅಷ್ಟರಲ್ಲಿ ವಿಕಿರಣ ಬಂತು. 1895ರಲ್ಲಿ ಎಕ್ಸ್‌ರೇ, ಮೂರು ವರ್ಷಕ್ಕೆ ರೇಡಿಯಂ. ಗಣಿ ಉದ್ಯಮಿ ಜೇಮ್ಸ್ ಡಗ್ಲಸ್ ಅವರ ಹಣ ಮತ್ತು ರೇಡಿಯಂ ಮೆಮೋರಿಯಲ್ ಆಸ್ಪತ್ರೆಗೆ ಹರಿದುಬಂದವು. ಅಲ್ಲಿನ ರೋಗಶಾಸ್ತ್ರಜ್ಞ ಜೇಮ್ಸ್ ಯೂವಿಂಗ್ ವಿಕಿರಣದ ದೊಡ್ಡ ಪ್ರತಿಪಾದಕರು. ಇಂದಿಗೂ ಮಕ್ಕಳ ಒಂದು ಮೂಳೆ ಕ್ಯಾನ್ಸರಿಗೆ ಅವರದೇ ಹೆಸರಿದೆ. ಕೋಲಿಯ ಮಿಶ್ರಣದಲ್ಲಿ ಅವರಿಗೆ ನಂಬಿಕೆಯಿರಲಿಲ್ಲ. ವಿಕಿರಣದ ಪ್ರಮಾಣವನ್ನು ಅಳೆಯಬಹುದು, ಗಡ್ಡೆ ಕುಗ್ಗುವುದನ್ನು ಹೆಚ್ಚು ಜನರಲ್ಲಿ ನೋಡಬಹುದು. ಕೋಲಿ ವಿಷ ಒಬ್ಬನಲ್ಲಿ ಕೆಲಸ ಮಾಡಿ ಹತ್ತು ಮಂದಿಯಲ್ಲಿ ಸುಮ್ಮನಿರುವುದು. ಯಾವುದು ಗೆಲ್ಲುತ್ತದೆ ಎಂದು ಹೇಳಲು ಜ್ಯೋತಿಷ್ಯ ಬೇಡ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕೋಲಿ ವಿಕಿರಣದ ಶತ್ರುವಲ್ಲ. ಎಕ್ಸ್‌ರೇಯನ್ನು ಗಡ್ಡೆಗಳ ಮೇಲೆ ಪ್ರಯೋಗಿಸಿದ ಮೊದಮೊದಲಿನ ಅಮೆರಿಕನ್ ವೈದ್ಯರಲ್ಲಿ ಅವರೂ ಒಬ್ಬರು. ಶಸ್ತ್ರಚಿಕಿತ್ಸೆ ಮಾಡಿ ಆಮೇಲೆ ಮಿಶ್ರಣ ಕೊಟ್ಟರು, ವಿಕಿರಣದ ಜೊತೆಗೂ ಕೊಟ್ಟರು. ಒಂದನ್ನು ಬಿಟ್ಟು ಇನ್ನೊಂದು ಎನ್ನುವುದಕ್ಕಿಂತ ಒಂದರ ಜೊತೆ ಇನ್ನೊಂದು ಎಂಬುದೇ ಅವರ ರೂಢಿಯಾಗಿತ್ತು. ಆದರೆ ಜೊತೆಯಲ್ಲಿ ಕೊಟ್ಟಾಗ ರೋಗಿ ಬದುಕಿದರೆ ಅದು ಯಾವುದರಿಂದ ಎಂದು ಬಿಡಿಸಿ ಹೇಳಲು ಅವರಿಗೂ ಆಗಲಿಲ್ಲ, ಯೂವಿಂಗರಿಗೂ ಆಗಲಿಲ್ಲ.

ತನ್ನ ಮಿಶ್ರಣ ಒಳಗೆ ಏನು ಮಾಡುತ್ತದೆ ಎಂಬುದನ್ನೂ ಕೋಲಿ ಸರಿಯಾಗಿ ತಿಳಿಯಲಿಲ್ಲ. ಬ್ಯಾಕ್ಟೀರಿಯಾದ ವಿಷವೇ ಗಡ್ಡೆಯ ಕೋಶಗಳನ್ನು ಕೊಲ್ಲುತ್ತದೆ ಎಂದು ಅವರು ಭಾವಿಸಿದ್ದರು. ಲಿಂಫೊಸೈಟ್ ಎಂಬ ಬಿಳಿ ರಕ್ತಕಣಗಳ ಕೆಲಸ ತಿಳಿದದ್ದು ಅವರು ತೀರಿಕೊಂಡು ದಶಕಗಳ ಮೇಲೆ. ಅಂದರೆ ಸೈನಿಕರನ್ನು ಎಬ್ಬಿಸಿದರು ಎಂದು ನಾನು ಮೊದಲ ಸಲ ಹೇಳಿದ್ದು ಕೋಲಿಗೆ ತಿಳಿಯದಿದ್ದ ವಿಷಯವನ್ನು ಅವರ ತಲೆಯೊಳಗೆ ತುರುಕಿದಂತೆ. ಜೀವನಚರಿತ್ರೆ ವಿಧಾನದಲ್ಲಿ ನಾವು ಸುಲಭವಾಗಿ ಮಾಡುವ ತಪ್ಪು ಇದು.

1936ರ ಏಪ್ರಿಲ್ 16ರಂದು ಕೋಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಆ ಹೊತ್ತಿಗೆ ಅವರ ಮಿಶ್ರಣವನ್ನು ಬಳಸುವವರು ಕೆಲವೇ ಮಂದಿ ಉಳಿದಿದ್ದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ, ಮಗಳಿದ್ದಳು. ಹೆಲೆನ್ ಕೋಲಿ ನಾಟ್ಸ್ ವೈದ್ಯೆಯಲ್ಲ, ವಿಜ್ಞಾನದ ಪದವಿಯೂ ಇರಲಿಲ್ಲ. ತಂದೆಯ ಜೀವನಚರಿತ್ರೆ ಬರೆಯಬೇಕೆಂದು ಅವರ ಹಳೆಯ ಕಾಗದಗಳನ್ನು ಬಿಚ್ಚಿದಾಗ ರೋಗಿಗಳ ವಿವರಗಳು ರಾಶಿರಾಶಿಯಾಗಿ ಸಿಕ್ಕವು. ತಂದೆ ಮಾಡದೆ ಬಿಟ್ಟ ಕೆಲಸವನ್ನು ಆಕೆ ಕೈಗೆತ್ತಿಕೊಂಡರು. ಯಾರಿಗೆ ಯಾವ ತಯಾರಿಕೆ, ಎಷ್ಟು ಸಲ, ಎಲ್ಲಿಗೆ ಚುಚ್ಚಿದ್ದು, ಎಷ್ಟು ಜ್ವರ ಬಂತು, ಆಮೇಲೆ ಎಷ್ಟು ವರ್ಷ ಬದುಕಿದರು ಎಂದು ಸುಮಾರು ಸಾವಿರ ಪ್ರಕರಣಗಳನ್ನು ಒಂದೊಂದಾಗಿ ಜೋಡಿಸಿದರು. ದೊಡ್ಡ ಸಂಸ್ಥೆಗಳ ಮುಖ್ಯಸ್ಥರು ಕಿವಿಗೊಡಲಿಲ್ಲ. 1953ರಲ್ಲಿ ನೆಲ್ಸನ್ ರಾಕ್‌ಫೆಲ್ಲರ್ ಕೊಟ್ಟ 2,000 ಡಾಲರಿನಿಂದ ಕ್ಯಾನ್ಸರ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಸ್ಥಾಪಿಸಿದರು. ತೀರಿಹೋದ ಬೆಸ್ಸಿಯ ಆಪ್ತ ಗೆಳೆಯ ಈ ನೆಲ್ಸನ್ನರ ತಂದೆ, ಕಿರಿಯ ಜಾನ್ ಡಿ. ರಾಕ್‌ಫೆಲ್ಲರ್. ಹೀಗಿದ್ದೂ 1965ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಕೋಲಿ ವಿಷವನ್ನು ಸಾಬೀತಾಗದ ಚಿಕಿತ್ಸೆಗಳ ಪಟ್ಟಿಗೆ ಹಾಕಿತು. ಹತ್ತು ವರ್ಷದ ಮೇಲೆ ಆ ಪಟ್ಟಿಯಿಂದ ತೆಗೆಯಿತು.

ಹೆಲೆನ್ ಅವರ ಸಂಸ್ಥೆಯನ್ನು ಮುಂದೆ ಬಹುಕಾಲ ಮುನ್ನಡೆಸಿದ ಲಾಯ್ಡ್ ಓಲ್ಡ್ ಎಂಬ ವಿಜ್ಞಾನಿ 1959ರಲ್ಲಿ ಬಿಸಿಜಿ ಬ್ಯಾಕ್ಟೀರಿಯಾ ಕೊಟ್ಟ ಇಲಿಗಳು ಗಡ್ಡೆಯನ್ನು ತಡೆಯುವುದನ್ನು ತೋರಿಸಿದ್ದರು. ಇಲ್ಲಿಗೆ ಬಂದಾಗ ಮಕ್ಕಳಿಗೆ ತಮ್ಮ ತೋಳು ನೋಡಿಕೊಳ್ಳಲು ಹೇಳಿದೆ. ಹುಟ್ಟಿದಾಗ ಹಾಕಿದ ಬಿಸಿಜಿ ಲಸಿಕೆಯ ಕಲೆ ಬಹುತೇಕ ಎಲ್ಲರಲ್ಲೂ ಇತ್ತು, ಇಲ್ಲದ ಇಬ್ಬರು ಗಾಬರಿಯಾದರು, ಕೆಲವರಲ್ಲಿ ಕಲೆ ಉಳಿಯುವುದಿಲ್ಲ ಎಂದು ಸಮಾಧಾನ ಮಾಡಿದೆ. ಅದೇ ಬಿಸಿಜಿಯನ್ನು ಮೂತ್ರಕೋಶದ ಒಳಪದರದ ಕ್ಯಾನ್ಸರಿಗೆ ಇಂದಿಗೂ ವೈದ್ಯರು ನಳಿಕೆಯ ಮೂಲಕ ಮೂತ್ರಕೋಶಕ್ಕೆ ಹಾಕುತ್ತಾರೆ. ಅದರಲ್ಲೂ ಮೊದಲು ಗಡ್ಡೆಯನ್ನು ಕೆರೆದು ತೆಗೆದು, ಆಮೇಲೆ ಬಿಸಿಜಿ. ಕೋಲಿಯ ಕೆಲಸದ ನೇರ ಸಂಬಂಧಿ ಎಂದು ಇದನ್ನು ಹೇಳಬಹುದು.

ಈಗ ಹುಡುಗಿಯ ಪ್ರಶ್ನೆ. ಮೂತ್ರಪಿಂಡದ ಕ್ಯಾನ್ಸರಿಗೆ ಸಾಮಾನ್ಯ ಕೀಮೋಥೆರಪಿ ಹೆಚ್ಚು ಬಗ್ಗುವುದಿಲ್ಲ, ಆದ್ದರಿಂದ ರೋಗನಿರೋಧಕ ಕೋಶಗಳನ್ನು ಬಳಸುವ ಯತ್ನಗಳು ಇಲ್ಲೇ ಹೆಚ್ಚು ನಡೆದವು. 1985ರಲ್ಲಿ ಸ್ಟೀವನ್ ರೋಸೆನ್‌ಬರ್ಗ್ ತಂಡ ರೋಗಿಯ ಬಿಳಿ ರಕ್ತಕಣಗಳನ್ನು ಹೊರತೆಗೆದು, ಇಂಟರ್‌ಲ್ಯೂಕಿನ್-2 ಎಂಬ ಪ್ರೋಟೀನಿನಲ್ಲಿ ಬೆಳೆಸಿ, ಅದೇ ಪ್ರೋಟೀನಿನ ಜೊತೆಗೆ ಮರಳಿ ಕೊಟ್ಟ ಫಲಿತಾಂಶವನ್ನು ಪ್ರಕಟಿಸಿತು. ಕೆಲವು ಮೂತ್ರಪಿಂಡ ಕ್ಯಾನ್ಸರ್ ರೋಗಿಗಳ ಗಡ್ಡೆ ಕುಗ್ಗಿತು. ಆದರೆ ಈ ಸಲ ಕೋಲಿ ಮಾಡದ ಕೆಲಸವನ್ನು ಮಾಡಿದರು. ಕೋಶಗಳ ಜೊತೆ ಪ್ರೋಟೀನು ಒಂದು ಗುಂಪಿಗೆ, ಬರಿಯ ಪ್ರೋಟೀನು ಇನ್ನೊಂದು ಗುಂಪಿಗೆ. ಅಷ್ಟು ಕಷ್ಟಪಟ್ಟು ಬೆಳೆಸಿದ ಕೋಶಗಳಿಂದ ಸ್ಪಷ್ಟ ಹೆಚ್ಚಿನ ಲಾಭ ಕಾಣಲಿಲ್ಲ. 1992ರಲ್ಲಿ ಅಮೆರಿಕದಲ್ಲಿ ಈ ರೋಗಕ್ಕೆ ಒಪ್ಪಿಗೆ ಸಿಕ್ಕಿದ್ದು ಪ್ರೋಟೀನಿಗೆ ಮಾತ್ರ. 2001ರಲ್ಲಿ ಪ್ರಕಟವಾದ ಇನ್ನೊಂದು ಹೋಲಿಕೆಯಲ್ಲಿ ಇಂಟರ್‌ಫೆರಾನ್ ಮಾತ್ರ ಪಡೆದವರು ಸರಾಸರಿ 8 ತಿಂಗಳು, ಮೊದಲು ಮೂತ್ರಪಿಂಡ ತೆಗೆಸಿಕೊಂಡು ಆಮೇಲೆ ಇಂಟರ್‌ಫೆರಾನ್ ಪಡೆದವರು 11 ತಿಂಗಳು ಬದುಕಿದರು. ಮೂರೇ ತಿಂಗಳು, ಆದರೆ ಅದು ಹೆಚ್ಚಿದ್ದು ಯಾವುದರಿಂದ ಎಂದು ಹೇಳಬಹುದಿತ್ತು.

ಇಂದಿನ ಇಂಜೆಕ್ಷನ್ ಬೇರೆ ಜಾತಿಯದು. ಬಿಳಿ ರಕ್ತಕಣಗಳಿಗೆ ಬ್ರೇಕ್ ಇದೆ, ಇಲ್ಲದಿದ್ದರೆ ಅವು ನಮ್ಮ ದೇಹವನ್ನೇ ತಿನ್ನುತ್ತವೆ. ಕ್ಯಾನ್ಸರ್ ಕೋಶ ಆ ಬ್ರೇಕನ್ನು ಒತ್ತಿ ಹಿಡಿದಿರುತ್ತದೆ. ಸೈನಿಕರು ಮಲಗಿರಲಿಲ್ಲ, ತಡೆಯಲ್ಪಟ್ಟಿದ್ದರು. ಇಂಜೆಕ್ಷನ್ ಆ ಹಿಡಿತವನ್ನು ಬಿಡಿಸುತ್ತದೆ. ಮಾತ್ರೆಯ ಕೆಲಸ ಬೇರೆ. ಮೂತ್ರಪಿಂಡದ ಕ್ಯಾನ್ಸರ್ ತನಗೆ ಬೇಕಾದ ಹೊಸ ರಕ್ತನಾಳಗಳನ್ನು ಹೇರಳವಾಗಿ ಬೆಳೆಸಿಕೊಳ್ಳುತ್ತದೆ, ಮಾತ್ರೆ ಅದನ್ನು ತಡೆಯುತ್ತದೆ. ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಸಾಲಿನ ಹುಡುಗನೊಬ್ಬ ರಾಗಿ ಹೊಲದ ಮಾತೆತ್ತಿದ. ಕುಂಟೆ ಹಾಯಿಸಿದರೂ ಪೈರಿನ ಬುಡದ ಕಳೆ ಹೋಗುವುದಿಲ್ಲ, ಅದಕ್ಕೆ ಹೆಂಗಸರು ಕೂತು ಕೈಯಲ್ಲೇ ಕೀಳಬೇಕು, ಬರೀ ಕೈಯಲ್ಲೇ ಇಡೀ ಹೊಲ ಕೀಳಲೂ ಆಗುವುದಿಲ್ಲ ಎಂದ. ನನ್ನ ಬ್ರೇಕಿಗಿಂತ ಅವನ ಕುಂಟೆ ತರಗತಿಗೆ ಬೇಗ ಅರ್ಥವಾಯಿತು.

2019ರಲ್ಲಿ ಪ್ರಕಟವಾದ, 861 ರೋಗಿಗಳ ಒಂದು ಪ್ರಯೋಗದಲ್ಲಿ ಇಂಥ ಇಂಜೆಕ್ಷನ್ ಮತ್ತು ಮಾತ್ರೆ ಎರಡನ್ನೂ ಪಡೆದವರಲ್ಲಿ ಒಂದು ವರ್ಷದ ಕೊನೆಗೆ ನೂರಕ್ಕೆ ಸುಮಾರು 90 ಮಂದಿ, ಹಳೆಯ ಮಾತ್ರೆ ಮಾತ್ರ ಪಡೆದವರಲ್ಲಿ ಸುಮಾರು 78 ಮಂದಿ ಬದುಕಿದ್ದರು. ಈ ಅಂಕಿಗಳನ್ನು ನಾನು ತರಗತಿಯಲ್ಲಿ ಹೇಳಲಿಲ್ಲ. 90 ಎಂದರೆ ಉಳಿದ 10ರ ಲೆಕ್ಕವನ್ನು ಎರಡನೇ ಬೆಂಚಿನಲ್ಲಿ ಕೂತ ಹುಡುಗಿ ಆ ಕ್ಷಣವೇ ಮಾಡುತ್ತಾಳೆ. ಎರಡನ್ನೂ ಸೇರಿಸಿದಾಗ ಹೆಚ್ಚು ಜನ ಹೆಚ್ಚು ದಿನ ಬದುಕಿದ್ದಾರೆ, ಎಲ್ಲರೂ ಅಲ್ಲ, ನಿನ್ನ ತಾತನಿಗೆ ಏನಾಗುತ್ತದೆ ಎಂಬುದನ್ನು ನನ್ನಿಂದ ಹೇಳಲಾಗದು ಎಂದೆ. ಜ್ವರ ಬಂದರೆ ಏನು ಮಾಡಬೇಕು ಎಂಬುದನ್ನು ಕಪ್ಪುಹಲಗೆಯ ಮೇಲೆ ಬರೆದು ಎಲ್ಲರಿಂದಲೂ ಬರೆಸಿದೆ. ಇದು ಸರಿಯೋ ತಪ್ಪೋ, ಅಂಕಿಗಳನ್ನೂ ಹೇಳಬೇಕಿತ್ತೋ ಎಂಬ ಬಗ್ಗೆ ನಮ್ಮ ಉಪನ್ಯಾಸಕರಲ್ಲೇ ಎರಡು ಅಭಿಪ್ರಾಯಗಳಿವೆ.

ಅವಧಿ ಮುಗಿದ ಮೇಲೆ ಅವಳು ಹೊರಗೆ ಕಾದಿದ್ದಳು. ಮಗ್ಗದ ಮನೆ ಅವರದು. ಎರಡು ಮಗ್ಗಗಳಲ್ಲಿ ಒಂದನ್ನು ಚಿಕಿತ್ಸೆಗಾಗಿ ಆಗಲೇ ಮಾರಿದ್ದರು. ಅವಳ ಚಿಕ್ಕಪ್ಪ ಮೊಬೈಲಿನಲ್ಲಿ ಜೀವಕೋಶ ಚಿಕಿತ್ಸೆಯ ವೀಡಿಯೊ ನೋಡಿ, ಎರಡನೆಯದನ್ನೂ ಮಾರೋಣ ಎನ್ನುತ್ತಿದ್ದರಂತೆ. ನಮ್ಮ ದೇಶದಲ್ಲಿ 2023ರಲ್ಲಿ ಒಪ್ಪಿಗೆ ಪಡೆದ, ಐಐಟಿ ಬಾಂಬೆಯಲ್ಲಿ ರೂಪುಗೊಂಡ ಕಾರ್-ಟಿ ಕೋಶ ಚಿಕಿತ್ಸೆ ಕೆಲವು ಬಗೆಯ ರಕ್ತದ ಕ್ಯಾನ್ಸರುಗಳಿಗೆ, ಮೂತ್ರಪಿಂಡದ ಕ್ಯಾನ್ಸರಿಗೆ ಅಂಥದ್ದು ಇನ್ನೂ ಪ್ರಯೋಗಗಳ ಹಂತದಲ್ಲಿದೆ ಎಂದು ಹೇಳಿದೆ. ಮಗ್ಗ ಮಾರುವ ಮೊದಲು ತಾತನನ್ನು ನೋಡುವ ಡಾಕ್ಟರಿಗೆ ಕೇಳಲು ಮೂರು ಪ್ರಶ್ನೆಗಳನ್ನು ಅವಳೇ ಬರೆದುಕೊಂಡಳು. ಇದು ಯಾವ ಕ್ಯಾನ್ಸರಿಗೆ, ಎಷ್ಟು ಜನರಿಗೆ ಕೊಟ್ಟು ನೋಡಿದ್ದಾರೆ, ಅವರಲ್ಲಿ ಗುಣವಾಗದವರು ಎಷ್ಟು. ಮೂರನೆಯದನ್ನು ನಾನು ಹೇಳಿಕೊಟ್ಟದ್ದಲ್ಲ.

ತಾತನಿಗೆ ಮುಂದಿನ ಸ್ಕ್ಯಾನ್ ದಸರಾ ರಜೆ ಮುಗಿದ ಮೇಲೆ ಇತ್ತು. ಅಷ್ಟರಲ್ಲಿ ನನ್ನ ಇಂಟರ್ನ್‌ಶಿಪ್ ಮುಗಿದು ನಾನು ಕಾಲೇಜಿಗೆ ಮರಳಿದ್ದೆ.